ಟಿ-ಸ್ಕೋರ್ ನೋಡಿ ಹೆದರುವ ಮೊದಲು

ಮೂಳೆ ಸಾಂದ್ರತೆಯ ಪರೀಕ್ಷೆ ಮತ್ತು ಆಸ್ಟಿಯೊಪೊರೋಸಿಸ್ (ಮೂಳೆ ಸವೆದು ದುರ್ಬಲವಾಗುವ ಕಾಯಿಲೆ) ಚಿಕಿತ್ಸೆಯ ಬಗ್ಗೆ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಇಲ್ಲಿ ಆರಿಸಿಕೊಂಡಿದ್ದೇನೆ. ಹೆಚ್ಚಿನವರು ವರದಿಯ ಅಂಕಿಯನ್ನು ತಪ್ಪದೆ ಬರೆದಿದ್ದಾರೆ. ಹಿಂದೆ ಮೂಳೆ ಮುರಿದಿತ್ತೇ, ತಂದೆ ತಾಯಿಗೆ ಸೊಂಟದ ಮುರಿತ ಆಗಿತ್ತೇ, ಬೇರೆ ಯಾವ ಔಷಧಗಳು ನಡೆಯುತ್ತಿವೆ ಎಂಬುದನ್ನು ಬರೆದವರು ಕಡಿಮೆ. ಉತ್ತರ ಹೇಳಲು ನನಗೆ ಬೇಕಾದದ್ದು ಈ ಎರಡನೆಯ ಪಟ್ಟಿ.

ಪ್ರಶ್ನೆ: ನನಗೆ 52 ವರ್ಷ. ಹಿಮ್ಮಡಿಯನ್ನು ಯಂತ್ರದಲ್ಲಿಟ್ಟು ಪರೀಕ್ಷಿಸಿ, ಮೂಳೆ ದುರ್ಬಲವಾಗಿದೆ ಎಂದು ಚೀಟಿ ಕೊಟ್ಟರು. ಮಾತ್ರೆ ಶುರು ಮಾಡಬೇಕೆ?

ಆ ಚೀಟಿಯ ಆಧಾರದ ಮೇಲೆ ಬೇಡ. ಹಿಮ್ಮಡಿಯ ಅಲ್ಟ್ರಾಸೌಂಡ್ ಒಂದು ಸುಳಿವು ಕೊಡಬಹುದು, ಅಷ್ಟೆ. ರೋಗವನ್ನು ಖಚಿತಪಡಿಸಲು, ಔಷಧ ಕೆಲಸ ಮಾಡುತ್ತಿದೆಯೇ ಎಂದು ನೋಡಲು ಅದು ಸಾಲದು. ಅದಕ್ಕೆ ಬೇಕಾದದ್ದು ಸೊಂಟ ಮತ್ತು ಬೆನ್ನಿನ ಕೆಳಭಾಗದ ಡೆಕ್ಸಾ ಸ್ಕ್ಯಾನ್, ಅಂದರೆ ಎಕ್ಸ್-ರೇಯಿಂದ ಮೂಳೆಯ ಸಾಂದ್ರತೆ ಅಳೆಯುವ ಪರೀಕ್ಷೆ. ಕೆಲವೇ ನಿಮಿಷಗಳ ಪರೀಕ್ಷೆ, ನೋವಿಲ್ಲ, ವಿಕಿರಣವೂ ಅತ್ಯಲ್ಪ. ಆದರೆ 52ರ ಎಲ್ಲರಿಗೂ ಡೆಕ್ಸಾ ಅಗತ್ಯವಿಲ್ಲ. 65 ದಾಟಿದ ಮಹಿಳೆಯರಿಗೆ ಅದನ್ನು ಸಾಮಾನ್ಯವಾಗಿ ಸೂಚಿಸುತ್ತಾರೆ. ಮುಟ್ಟು ನಿಂತ ಮೇಲೆ, ಅದಕ್ಕಿಂತ ಚಿಕ್ಕ ವಯಸ್ಸಿನಲ್ಲಿ ಬೇಕಾಗುವುದು ಅಪಾಯದ ಕಾರಣಗಳಿದ್ದವರಿಗೆ: 45ಕ್ಕಿಂತ ಮೊದಲೇ ಮುಟ್ಟು ನಿಂತವರು, ತೀರಾ ತೆಳ್ಳಗಿರುವವರು, ಧೂಮಪಾನಿಗಳು, ಮೂರು ತಿಂಗಳಿಗಿಂತ ಹೆಚ್ಚು ಸ್ಟೀರಾಯ್ಡ್ ಮಾತ್ರೆ ತೆಗೆದುಕೊಂಡವರು, ರುಮಟಾಯ್ಡ್ ಸಂಧಿವಾತ ಇರುವವರು, ಸ್ತನ ಕ್ಯಾನ್ಸರ್ ಬಳಿಕ ಲೆಟ್ರೊಜೋಲ್, ಅನಾಸ್ಟ್ರೊಜೋಲ್‌ನಂತಹ ಮಾತ್ರೆಗಳಲ್ಲಿರುವವರು. ಇವುಗಳಲ್ಲಿ ಯಾವುದಾದರೂ ನಿಮಗೆ ಅನ್ವಯಿಸಿದರೆ ಡೆಕ್ಸಾ ಮಾಡಿಸಿ.

ಪ್ರಶ್ನೆ: ವಯಸ್ಸು 56. ಸೊಂಟದ ಟಿ-ಸ್ಕೋರ್ ಮೈನಸ್ 2.1. ವೈದ್ಯರು ಔಷಧ ಬೇಡ ಎಂದರು. ನನ್ನ ಅಕ್ಕನಿಗೆ 69 ವರ್ಷ, ಅವಳದು ಮೈನಸ್ 1.9. ಅವಳಿಗೆ ಔಷಧ ಬರೆದಿದ್ದಾರೆ. ಇಬ್ಬರಲ್ಲಿ ಒಬ್ಬ ವೈದ್ಯರು ತಪ್ಪಿರಬೇಕಲ್ಲವೇ?

ಇಬ್ಬರೂ ಸರಿ ಇರುವ ಸಾಧ್ಯತೆಯೇ ಹೆಚ್ಚು. ನಿಮ್ಮ ಮೂಳೆಯ ಸಾಂದ್ರತೆಯನ್ನು ಆರೋಗ್ಯವಂತ ಯುವತಿಯರ ಸರಾಸರಿಯೊಂದಿಗೆ ಹೋಲಿಸಿದಾಗ ಸಿಗುವ ಅಂಕಿ ಟಿ-ಸ್ಕೋರ್. ಮೈನಸ್ 1ರವರೆಗೆ ಸಾಮಾನ್ಯ, ಮೈನಸ್ 1ರಿಂದ 2.5ರ ನಡುವೆ ಇದ್ದರೆ ಆಸ್ಟಿಯೊಪೀನಿಯ, ಮೈನಸ್ 2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಆಸ್ಟಿಯೊಪೊರೋಸಿಸ್. ವಿಶ್ವ ಆರೋಗ್ಯ ಸಂಸ್ಥೆಯ 1994ರ ವರದಿ ಈ ಗೆರೆಗಳನ್ನು ಎಳೆಯಿತು. ಮೈನಸ್ 2.4 ಇದ್ದಾಗ ಗಟ್ಟಿಯಾಗಿದ್ದ ಮೂಳೆ 2.5 ಆದ ದಿನ ಪುಡಿಯಾಗುವುದಿಲ್ಲ. ಮುರಿತಗಳ ಲೆಕ್ಕ ಹಿಡಿದರೆ ಅವುಗಳಲ್ಲಿ ದೊಡ್ಡ ಪಾಲು ಆಸ್ಟಿಯೊಪೀನಿಯ ಇರುವವರಲ್ಲೇ ಆಗುತ್ತದೆ, ಏಕೆಂದರೆ ಆ ಗುಂಪೇ ದೊಡ್ಡದು.

ಹಾಗಾಗಿ ವೈದ್ಯರು ಕೇಳಿಕೊಳ್ಳಬೇಕಾದದ್ದು, ಮುಂದಿನ ಹತ್ತು ವರ್ಷಗಳಲ್ಲಿ ಈಕೆಯ ಮೂಳೆ ಮುರಿಯುವ ಸಂಭವ ಎಷ್ಟು ಎಂದು. ಇದನ್ನು ಲೆಕ್ಕ ಹಾಕಲು ಫ್ರ್ಯಾಕ್ಸ್ ಎಂಬ ಸಾಧನವಿದೆ. ಇಂಗ್ಲೆಂಡಿನ ಶೆಫೀಲ್ಡ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡು 2008ರಲ್ಲಿ ಬಳಕೆಗೆ ಬಂದದ್ದು. ವಯಸ್ಸು, ಎತ್ತರ, ತೂಕ, ಹಿಂದಿನ ಮುರಿತ, ತಂದೆ ಅಥವಾ ತಾಯಿಗೆ ಆದ ಸೊಂಟದ ಮುರಿತ, ಧೂಮಪಾನ, ಮದ್ಯ, ಸ್ಟೀರಾಯ್ಡ್, ರುಮಟಾಯ್ಡ್ ಸಂಧಿವಾತ ಇವುಗಳನ್ನು ತುಂಬಿಸಬೇಕು. ಸೊಂಟದ ಸಾಂದ್ರತೆ ಗೊತ್ತಿದ್ದರೆ ಅದನ್ನೂ ಸೇರಿಸಬಹುದು. ಯಾವ ಮಟ್ಟದಲ್ಲಿ ಔಷಧ ಆರಂಭಿಸಬೇಕೆಂಬುದು ದೇಶದಿಂದ ದೇಶಕ್ಕೆ ಬದಲಾಗುತ್ತದೆ. ಅಮೆರಿಕದಲ್ಲಿ ಸೊಂಟದ ಮುರಿತದ ಸಂಭವ ಶೇ 3 ಅಥವಾ ಪ್ರಮುಖ ಮುರಿತಗಳ ಒಟ್ಟು ಸಂಭವ ಶೇ 20 ತಲುಪಿದರೆ ಚಿಕಿತ್ಸೆ ಪರಿಗಣಿಸುತ್ತಾರೆ. ನಿಮಗೂ ಅಕ್ಕನಿಗೂ ನಡುವೆ 13 ವರ್ಷಗಳ ಅಂತರವಿದೆ. ಈ ಲೆಕ್ಕದಲ್ಲಿ ವಯಸ್ಸಿನ ತೂಕ ಬಹಳ. ಅಕ್ಕನ ಮಣಿಕಟ್ಟು ಹಿಂದೊಮ್ಮೆ ಮುರಿದಿದ್ದರೆ ಇನ್ನೂ ಹೆಚ್ಚು.

ಫ್ರ್ಯಾಕ್ಸ್ ಕಾಣದ ಸಂಗತಿಗಳೂ ಇವೆ. ನೀವು ಪದೇ ಪದೇ ಬೀಳುತ್ತೀರಾ ಎಂದು ಅದು ಕೇಳುವುದಿಲ್ಲ. ಬೆನ್ನಿನ ಸಾಂದ್ರತೆ ಸೊಂಟಕ್ಕಿಂತ ತುಂಬಾ ಕಡಿಮೆ ಇದ್ದರೂ ಅದಕ್ಕೆ ತಿಳಿಯದು. ಟೈಪ್ 2 ಮಧುಮೇಹ ಇರುವವರ ಅಪಾಯವನ್ನು ಅದು ಕಡಿಮೆಯಾಗಿಯೇ ತೋರಿಸುತ್ತದೆ. ಇವುಗಳಲ್ಲಿ ಯಾವುದಾದರೂ ನಿಮ್ಮದಾಗಿದ್ದರೆ ವೈದ್ಯರಿಗೆ ಹೇಳಿ, ನಿರ್ಧಾರವನ್ನು ಮತ್ತೊಮ್ಮೆ ಚರ್ಚಿಸಿ. ಇಲ್ಲದಿದ್ದರೆ ಎರಡು ಮೂರು ವರ್ಷ ಬಿಟ್ಟು, ಸಾಧ್ಯವಾದರೆ ಅದೇ ಯಂತ್ರದಲ್ಲಿ ಸ್ಕ್ಯಾನ್ ಮಾಡಿಸಿ. ಯಂತ್ರ ಬದಲಾದರೆ ಅಂಕಿಯೂ ಬದಲಾಗುತ್ತದೆ, ಸುಮ್ಮನೆ ಗಾಬರಿಯಾಗುತ್ತದೆ.

ಪ್ರಶ್ನೆ: 71 ವರ್ಷ. ಎತ್ತರ ಐದು ಸೆಂಟಿಮೀಟರ್ ಕಡಿಮೆಯಾಗಿದೆ, ಬೆನ್ನು ಬಾಗಿದೆ. ಆದರೆ ಬೆನ್ನಿನ ಸ್ಕ್ಯಾನ್ ಸಾಮಾನ್ಯ ಎಂದು ಬಂದಿದೆ. ವಯಸ್ಸಾಯಿತೆಂದು ಬಿಟ್ಟುಬಿಡಲೇ?

ಬಿಡಬೇಡಿ. ಈ ವಯಸ್ಸಿನಲ್ಲಿ ಬೆನ್ನುಮೂಳೆಯ ಅಂಚುಗಳಲ್ಲಿ ಹೊಸ ಮುಳ್ಳುಗಳು ಬೆಳೆದಿರುತ್ತವೆ, ಮುಂದೆ ಹಾದುಹೋಗುವ ಮಹಾಪಧಮನಿಯಲ್ಲಿ ಸುಣ್ಣ ಕಟ್ಟಿರುತ್ತದೆ. ಡೆಕ್ಸಾ ಇವೆಲ್ಲವನ್ನೂ ಮೂಳೆಯ ಲೆಕ್ಕಕ್ಕೇ ಸೇರಿಸುತ್ತದೆ. ಕುಸಿದ ಕಶೇರುಕ (ಬೆನ್ನುಮೂಳೆಯ ಒಂದೊಂದು ಮಣಿ) ಕೂಡ ಒತ್ತಿಕೊಂಡು ದಟ್ಟವಾಗಿ ಕಾಣುತ್ತದೆ. ಮುರಿದ ಮೂಳೆಯೇ ಗಟ್ಟಿ ಎಂದು ವರದಿಯಾಗುವ ವಿಚಿತ್ರ ಇದು. ಯೌವನದ ಎತ್ತರಕ್ಕಿಂತ 4 ಸೆಂಟಿಮೀಟರ್ ಅಥವಾ ಹೆಚ್ಚು ಕಡಿಮೆಯಾಗಿದ್ದರೆ ಬೆನ್ನಿನ ಪಕ್ಕದ ಎಕ್ಸ್-ರೇ ತೆಗೆಸಬೇಕು. ಕಶೇರುಕದ ಮುರಿತಗಳಲ್ಲಿ ಹೆಚ್ಚಿನವು ಬೆನ್ನುನೋವಿನ ಹೆಸರಿನಲ್ಲಿ ಗಮನಕ್ಕೆ ಬಾರದೇ ಉಳಿದುಬಿಡುತ್ತವೆ. ಬೇರೆ ಕಾರಣವಿಲ್ಲದೆ ಕುಸಿದ ಒಂದು ಕಶೇರುಕ ಕಂಡರೂ ಸಾಕು, ಟಿ-ಸ್ಕೋರ್ ಏನೇ ಇರಲಿ, ಅದು ಆಸ್ಟಿಯೊಪೊರೋಸಿಸ್. ಸೊಂಟದ ಅಂಕಿಯನ್ನೂ ನೋಡಿ. ನಿಮ್ಮ ವಯಸ್ಸಿನಲ್ಲಿ ಅದು ಹೆಚ್ಚು ನಂಬಿಕೆಗೆ ಅರ್ಹ.

ಪ್ರಶ್ನೆ: 64 ವರ್ಷ. ವಾರಕ್ಕೊಮ್ಮೆ ಅಲೆಂಡ್ರೊನೇಟ್ ನುಂಗಲು ಬರೆದುಕೊಟ್ಟಿದ್ದಾರೆ. ದವಡೆ ಮೂಳೆ ಕೊಳೆಯುತ್ತದೆ, ತೊಡೆ ಮೂಳೆ ಮುರಿಯುತ್ತದೆ ಎಂದು ಓದಿ ಮಾತ್ರೆಯನ್ನು ಮುಟ್ಟಿಲ್ಲ. ಒಂದು ಹಲ್ಲು ಬೇರೆ ಕೀಳಿಸಬೇಕಾಗಿದೆ.

ಇಂತಹ ಪ್ರಶ್ನೆಗಳೇ ನನಗೆ ಹೆಚ್ಚು ಬರುತ್ತವೆ. ನೀವು ಓದಿದ್ದು ಸುಳ್ಳಲ್ಲ. ಅದರಲ್ಲಿ ಇಲ್ಲದಿದ್ದದ್ದು ಪ್ರಮಾಣ.

ಆಸ್ಟಿಯೊಪೊರೋಸಿಸ್‌ಗೆ ಈ ಮಾತ್ರೆ ನುಂಗುವವರಲ್ಲಿ ದವಡೆ ಮೂಳೆಯ ತೊಂದರೆ ವರ್ಷಕ್ಕೆ ಹತ್ತು ಸಾವಿರದಿಂದ ಒಂದು ಲಕ್ಷ ಮಂದಿಗೆ ಒಬ್ಬರಲ್ಲಿ ಎಂಬುದು ಸಾಮಾನ್ಯ ಅಂದಾಜು. ಭಯ ಹುಟ್ಟಿಸುವ ವರದಿಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಮೂಳೆಗೆ ಹರಡಿದವರವು. ಇದೇ ಗುಂಪಿನ ಜೊಲೆಡ್ರಾನಿಕ್ ಆಸಿಡ್ ಅನ್ನು ಅವರಿಗೆ ಮೂರು ನಾಲ್ಕು ವಾರಕ್ಕೊಮ್ಮೆ 4 ಮಿಲಿಗ್ರಾಂ ಡ್ರಿಪ್ ಮೂಲಕ ಕೊಡುತ್ತಾರೆ; ಆಸ್ಟಿಯೊಪೊರೋಸಿಸ್‌ಗೆ ವರ್ಷಕ್ಕೆ ಒಂದೇ ಬಾರಿ 5 ಮಿಲಿಗ್ರಾಂ. ಅಲ್ಲಿನ ಅಪಾಯವನ್ನು ಇಲ್ಲಿಗೆ ತಂದು ಹಚ್ಚುವುದು ಸರಿಯಲ್ಲ. ನೀವಿನ್ನೂ ಆರಂಭಿಸಿಲ್ಲವಾದ್ದರಿಂದ ಹಲ್ಲನ್ನು ಮೊದಲು ಕೀಳಿಸಿ, ಗಾಯ ಒಣಗಿದ ಮೇಲೆ ಮಾತ್ರೆ ಶುರು ಮಾಡಿ. ಈಗಾಗಲೇ ನುಂಗುತ್ತಿರುವವರು ದಂತವೈದ್ಯರಿಗೆ ತಿಳಿಸಿದರೆ ಸಾಕು. ಹಲ್ಲಿನ ಚಿಕಿತ್ಸೆಯನ್ನೇ ಮುಂದೂಡಿ ಕೀವು ತುಂಬಿಸಿಕೊಳ್ಳುವುದು ಹೆಚ್ಚು ಅಪಾಯ.

ತೊಡೆ ಮೂಳೆಯ ವಿಶೇಷ ಬಗೆಯ ಮುರಿತವೂ ಅಪರೂಪವೇ, ಆದರೆ ಔಷಧದ ವರ್ಷಗಳು ಹೆಚ್ಚಿದಂತೆ ಹೆಚ್ಚುತ್ತದೆ. ಹಾಗಾಗಿಯೇ ಮಾತ್ರೆಯನ್ನು ಐದು ವರ್ಷಗಳ ಬಳಿಕ, ವರ್ಷದ ಡ್ರಿಪ್ ಅನ್ನು ಮೂರು ವರ್ಷಗಳ ಬಳಿಕ ಮರುಪರಿಶೀಲಿಸಿ, ಅಪಾಯ ಕಡಿಮೆ ಇದ್ದವರಿಗೆ ಬಿಡುವು ಕೊಡುತ್ತಾರೆ. ತೊಡೆಯಲ್ಲಿ ಅಥವಾ ತೊಡೆಸಂದಿನಲ್ಲಿ ವಾರಗಟ್ಟಲೆ ಮಂದ ನೋವಿದ್ದರೆ ಅದನ್ನು ಕೀಲುನೋವೆಂದು ಕಡೆಗಣಿಸದೆ ಎಕ್ಸ್-ರೇ ತೆಗೆಸಿ.

ಇನ್ನೊಂದು ತಕ್ಕಡಿಯಲ್ಲಿ ಏನಿದೆ? 1996ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ, ಮೊದಲೇ ಕಶೇರುಕ ಮುರಿದಿದ್ದ ಮಹಿಳೆಯರಿಗೆ ಅಲೆಂಡ್ರೊನೇಟ್ ಕೊಟ್ಟಾಗ ಹೊಸ ಕಶೇರುಕ ಮುರಿತಗಳು ಮತ್ತು ಸೊಂಟದ ಮುರಿತಗಳು ಎರಡೂ ಹತ್ತಿರ ಹತ್ತಿರ ಅರ್ಧಕ್ಕೆ ಇಳಿದವು. ಸೊಂಟ ಮುರಿದ ಮೇಲೆ ಮೊದಲಿನಂತೆ ತಾವೇ ಓಡಾಡಿಕೊಂಡಿರಲು ಬಹಳಷ್ಟು ಮಂದಿಗೆ ಆಗುವುದಿಲ್ಲ. ಹೆದರಬೇಕಾದದ್ದು ಇದಕ್ಕೆ.

ನುಂಗುವ ಕ್ರಮ ಮಾತ್ರ ಕಟ್ಟುನಿಟ್ಟು. ಬೆಳಿಗ್ಗೆ ಖಾಲಿ ಹೊಟ್ಟೆ, ದೊಡ್ಡ ಲೋಟ ಬರೀ ನೀರು, ಅರ್ಧ ಗಂಟೆ ಮಲಗುವಂತಿಲ್ಲ, ತಿನ್ನುವಂತಿಲ್ಲ. ಕಾಫಿ, ಚಹಾ, ಕ್ಯಾಲ್ಸಿಯಂ ಮಾತ್ರೆ ಜೊತೆಗೆ ಹೋದರೆ ಔಷಧ ರಕ್ತಕ್ಕೆ ಸೇರುವುದು ಬಹಳ ಕಡಿಮೆ. ಅನ್ನನಾಳದ ತೊಂದರೆ ಇರುವವರಿಗೆ, ಅರ್ಧ ಗಂಟೆ ಕುಳಿತಿರಲಾಗದವರಿಗೆ ಈ ಮಾತ್ರೆ ಹೊಂದುವುದಿಲ್ಲ. ಅವರಿಗೆ ಡ್ರಿಪ್ ಉತ್ತಮ. ಮೊದಲ ಡ್ರಿಪ್ ಆದ ಮೇಲೆ ಒಂದೆರಡು ದಿನ ಜ್ವರ, ಮೈಕೈ ನೋವು ಬರಬಹುದು, ಎರಡನೆಯ ಬಾರಿಗೆ ಅದು ಬಹಳ ಕಡಿಮೆ. ಮೂತ್ರಪಿಂಡದ ಸಾಮರ್ಥ್ಯ ಚೆನ್ನಾಗಿಲ್ಲದವರಿಗೆ ಮಾತ್ರೆ, ಡ್ರಿಪ್ ಎರಡೂ ಸಲ್ಲದು. ಆದ್ದರಿಂದ ಕ್ರಿಯೇಟಿನಿನ್, ಕ್ಯಾಲ್ಸಿಯಂ, ವಿಟಮಿನ್ ಡಿ ನೋಡದೆ ಯಾರೂ ಆರಂಭಿಸಬಾರದು.

ಪ್ರಶ್ನೆ: ಅಮ್ಮನಿಗೆ 76. ಆರು ತಿಂಗಳಿಗೊಮ್ಮೆ ಡೆನೊಸುಮಾಬ್ ಚುಚ್ಚುಮದ್ದು, ನಾಲ್ಕು ವರ್ಷದಿಂದ. ಕಳೆದ ಬಾರಿಯದು ತಪ್ಪಿಹೋಗಿ, ಕೊನೆಯ ಚುಚ್ಚುಮದ್ದಿಗೆ ಈಗ ಒಂಬತ್ತು ತಿಂಗಳಾಗಿದೆ. ಅಮ್ಮ ಚೆನ್ನಾಗಿಯೇ ಇದ್ದಾರೆ. ಸ್ವಲ್ಪ ಬಿಡುವು ಕೊಟ್ಟರೆ ಒಳ್ಳೆಯದಲ್ಲವೇ?

ಇಲ್ಲ. ಈ ಉತ್ತರ ಓದಿದ ಕೂಡಲೇ ಅವರ ವೈದ್ಯರಿಗೆ ಫೋನ್ ಮಾಡಿ.

ಮೇಲೆ ಹೇಳಿದ ಬಿಡುವಿನ ಮಾತು ಅಲೆಂಡ್ರೊನೇಟ್, ಜೊಲೆಡ್ರಾನಿಕ್ ಆಸಿಡ್‌ಗಳಿಗೆ ಮಾತ್ರ. ಅವು ಮೂಳೆಯೊಳಗೆ ಸೇರಿಕೊಂಡು ವರ್ಷಗಟ್ಟಲೆ ಉಳಿಯುತ್ತವೆ, ನಿಲ್ಲಿಸಿದರೂ ಒಂದಿಷ್ಟು ಕಾಲ ಕಾಯುತ್ತವೆ. ಡೆನೊಸುಮಾಬ್ ಮೂಳೆಯಲ್ಲಿ ಉಳಿಯುವುದಿಲ್ಲ. ಮೂಳೆಯಲ್ಲಿ ಹಳೆಯದನ್ನು ಕೆಡಹುವ ಕೋಶಗಳು, ಹೊಸದನ್ನು ಕಟ್ಟುವ ಕೋಶಗಳು ಎರಡೂ ಇವೆ. ಈ ಚುಚ್ಚುಮದ್ದು ಕೆಡಹುವವರನ್ನು ಬಾಗಿಲ ಹೊರಗೆ ತಡೆದು ನಿಲ್ಲಿಸುತ್ತದೆ. ಔಷಧ ಇಳಿದ ದಿನ ಅಷ್ಟೂ ಮಂದಿ ಒಟ್ಟಿಗೆ ಒಳನುಗ್ಗುತ್ತಾರೆ. ನಾಲ್ಕು ವರ್ಷದಲ್ಲಿ ಗಳಿಸಿದ ಸಾಂದ್ರತೆ ಒಂದೆರಡು ವರ್ಷದಲ್ಲಿ ಕರಗಬಹುದು, ಕೆಲವರಲ್ಲಿ ಎರಡು ಮೂರು ಕಶೇರುಕಗಳು ಒಂದರ ಹಿಂದೆ ಒಂದು ಕುಸಿದದ್ದೂ ಇದೆ. ಕೊನೆಯ ಚುಚ್ಚುಮದ್ದಿನಿಂದ ಏಳು ತಿಂಗಳು ದಾಟಬಾರದು ಎಂಬ ಎಚ್ಚರಿಕೆ ಇದಕ್ಕೇ. ಚೆನ್ನಾಗಿದ್ದಾರೆ ಎಂಬುದು ಸಮಾಧಾನ ಕೊಡುವ ಮಾತಲ್ಲ. ಮೂಳೆ ಸವೆಯುವಾಗ ಏನೂ ಅನಿಸುವುದಿಲ್ಲ.

ಅವರಿಗೆ ಈಚೆಗೆ ಹೊಸ ಬೆನ್ನುನೋವು ಬಂದಿದೆಯೇ ಕೇಳಿ. ರಕ್ತದ ಕ್ಯಾಲ್ಸಿಯಂ ನೋಡಿಸಿ, ತಡಮಾಡದೆ ಚುಚ್ಚುಮದ್ದು ಮುಂದುವರಿಸುವ ಬಗ್ಗೆ ಮಾತನಾಡಿ. ಅಮ್ಮನಿಗೆ ಮೂತ್ರಪಿಂಡದ ತೀವ್ರ ಕಾಯಿಲೆ ಇದ್ದರೆ ಅದನ್ನು ಮರೆಯದೆ ಹೇಳಿ. ಅಂಥವರಲ್ಲಿ ಇದು ಕ್ಯಾಲ್ಸಿಯಂ ಅನ್ನು ಅಪಾಯಕಾರಿಯಾಗಿ ಇಳಿಸಬಲ್ಲದು ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2024ರ ಜನವರಿಯಲ್ಲಿ ಕಟ್ಟೆಚ್ಚರ ಸೇರಿಸಿದೆ. ಮುಂದೆ ನಿಲ್ಲಿಸಲೇಬೇಕೆಂದರೆ ಬದಲಿಗೆ ಅಲೆಂಡ್ರೊನೇಟ್ ಅಥವಾ ಜೊಲೆಡ್ರಾನಿಕ್ ಆಸಿಡ್ ಕೊಟ್ಟೇ ನಿಲ್ಲಿಸಬೇಕು. ಈ ಔಷಧವನ್ನು ಆರಂಭಿಸುವ ದಿನವೇ ಈ ಮಾತು ಹೇಳಬೇಕಾದದ್ದು ವೈದ್ಯರ ಕರ್ತವ್ಯ. ಎಷ್ಟೋ ಕಡೆ ಹೇಳುವುದಿಲ್ಲ, ಅದು ನನಗೆ ಸಿಟ್ಟು ತರಿಸುತ್ತದೆ.

ಪ್ರಶ್ನೆ: 68 ವರ್ಷ, ಕಳೆದ ವರ್ಷ ಎರಡು ಕಶೇರುಕ ಮುರಿದಿವೆ. ಒಬ್ಬ ವೈದ್ಯರು ದಿನವೂ ಚುಚ್ಚಿಕೊಳ್ಳುವ ಟೆರಿಪ್ಯಾರಟೈಡ್ ಎನ್ನುತ್ತಾರೆ, ಇನ್ನೊಬ್ಬರು ಮೊದಲು ಮಾತ್ರೆ ನೋಡೋಣ ಎನ್ನುತ್ತಾರೆ.

ನಿಮ್ಮ ಸ್ಥಿತಿಯಲ್ಲಿ, ತಡೆಯಿಲ್ಲದಿದ್ದರೆ, ನಾನು ಮೊದಲನೆಯವರ ಕಡೆ. ಮುರಿತವಾದ ಮೊದಲ ಎರಡು ವರ್ಷಗಳಲ್ಲೇ ಇನ್ನೊಂದು ಮುರಿತದ ಅಪಾಯ ಅತಿ ಹೆಚ್ಚು. ಮಾತ್ರೆ ಫಲಿಸದಿದ್ದರೆ ಆಮೇಲೆ ನೋಡೋಣ ಎನ್ನುವಷ್ಟು ಕಾಲ ನಿಮ್ಮ ಬಳಿ ಇಲ್ಲ. ಮಾತ್ರೆ ಮೂಳೆ ಸವೆಯುವುದನ್ನು ತಡೆಯುತ್ತದೆ, ಟೆರಿಪ್ಯಾರಟೈಡ್ ಹೊಸದಾಗಿ ಕಟ್ಟುತ್ತದೆ. 2018ರಲ್ಲಿ ಪ್ರಕಟವಾದ ಹೋಲಿಕೆಯಲ್ಲಿ, ತೀವ್ರ ಆಸ್ಟಿಯೊಪೊರೋಸಿಸ್ ಇದ್ದ ಮಹಿಳೆಯರಲ್ಲಿ ಎರಡು ವರ್ಷಗಳಲ್ಲಿ ಹೊಸ ಕಶೇರುಕ ಮುರಿತವಾದದ್ದು ಅಲೆಂಡ್ರೊನೇಟ್ ಗುಂಪಿನದೇ ಆದ ರಿಸೆಡ್ರೊನೇಟ್ ಮಾತ್ರೆ ನುಂಗಿದವರಲ್ಲಿ ಶೇ 12, ಟೆರಿಪ್ಯಾರಟೈಡ್ ಪಡೆದವರಲ್ಲಿ ಶೇ 5.4. ಕಟ್ಟುವ ಔಷಧ ಮೊದಲು, ತಡೆಯುವ ಔಷಧ ಆಮೇಲೆ ಎಂಬ ಕ್ರಮವೂ ಮುಖ್ಯ. ಮಾತ್ರೆಯನ್ನು ವರ್ಷಗಳ ಕಾಲ ನುಂಗಿ ನಂತರ ಇದಕ್ಕೆ ಬಂದರೆ, ಅದರಲ್ಲೂ ಸೊಂಟದಲ್ಲಿ, ಫಲ ಕಡಿಮೆ.

ತಡೆಗಳು: ಮೂಳೆಗೆ ಹಿಂದೆ ವಿಕಿರಣ ಚಿಕಿತ್ಸೆ ಆಗಿದ್ದರೆ, ಮೂಳೆಯಲ್ಲಿ ಕ್ಯಾನ್ಸರ್ ಇದ್ದರೆ, ರಕ್ತದ ಕ್ಯಾಲ್ಸಿಯಂ ಹೆಚ್ಚಿದ್ದರೆ ಬೇಡ. ಇನ್ನೊಂದು ಕಟ್ಟುವ ಔಷಧ ರೊಮೊಸೊಜುಮಾಬ್, ತಿಂಗಳಿಗೊಮ್ಮೆಯಂತೆ ಒಂದು ವರ್ಷ. ಹಿಂದಿನ ವರ್ಷದೊಳಗೆ ಹೃದಯಾಘಾತ ಅಥವಾ ಪಾರ್ಶ್ವವಾಯು ಆದವರಿಗೆ ಕೊಡುವುದಿಲ್ಲ. ಎರಡರಲ್ಲಿ ಯಾವುದಾದರೂ, ಮುಗಿದ ಬಳಿಕ ಮಾತ್ರೆ ಅಥವಾ ಡ್ರಿಪ್ ಇಲ್ಲದಿದ್ದರೆ ಕಟ್ಟಿದ್ದು ಉಳಿಯುವುದಿಲ್ಲ. ದುಬಾರಿ ಎಂದು ನಡುವೆ ನಿಲ್ಲಿಸುವ ಸಂಭವವಿದ್ದರೆ ಅದನ್ನು ಸಂಕೋಚವಿಲ್ಲದೆ ಮೊದಲೇ ಹೇಳಿ. ಆಗ ಜೊಲೆಡ್ರಾನಿಕ್ ಆಸಿಡ್ ಡ್ರಿಪ್ ಕೂಡ ಒಳ್ಳೆಯ ಆಯ್ಕೆ. ಅದೇನೂ ಸೋತವರ ದಾರಿಯಲ್ಲ.

ಪ್ರಶ್ನೆ: 60 ವರ್ಷ, ಟಿ-ಸ್ಕೋರ್ ಮೈನಸ್ 2.8. ಔಷಧ ಬೇಡ, ಕ್ಯಾಲ್ಸಿಯಂ ಮತ್ತು ವ್ಯಾಯಾಮದಲ್ಲೇ ಸರಿಪಡಿಸಿಕೊಳ್ಳುತ್ತೇನೆ. ಸಾಧ್ಯವೇ?

ಎರಡೂ ಬೇಕು, ಆದರೆ ಮೈನಸ್ 2.8ಕ್ಕೆ ಅವೆರಡೇ ಸಾಲವು. 50 ದಾಟಿದ ಮಹಿಳೆಗೆ ದಿನಕ್ಕೆ ಸುಮಾರು 1200 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು, ಆಹಾರದ್ದೂ ಸೇರಿ. ಆಹಾರದಲ್ಲಿ ಕೊರತೆಯಾದಷ್ಟನ್ನೇ ಮಾತ್ರೆಯಿಂದ ತುಂಬಿಸಿ, ಹೆಚ್ಚು ನುಂಗಿದರೆ ಮೂತ್ರಪಿಂಡದ ಕಲ್ಲಿಗೆ ದಾರಿ. ವಿಟಮಿನ್ ಡಿಯನ್ನು ವರ್ಷಕ್ಕೊಮ್ಮೆ ಭಾರೀ ಪ್ರಮಾಣದಲ್ಲಿ ಕೊಟ್ಟು ನೋಡಿದ ಅಧ್ಯಯನವೊಂದರಲ್ಲಿ ವಯಸ್ಸಾದ ಮಹಿಳೆಯರ ಬೀಳುವಿಕೆ, ಮುರಿತ ಎರಡೂ ಹೆಚ್ಚಿದವು. ವ್ಯಾಯಾಮದಲ್ಲಿ ನಡಿಗೆಯ ಜೊತೆ ಭಾರ ಎತ್ತುವುದು, ಸಮತೋಲನದ ಅಭ್ಯಾಸ ಇರಲಿ. ಕಶೇರುಕ ಮುರಿದಿದ್ದರೆ ಮುಂದಕ್ಕೆ ಬಾಗುವ ಭಂಗಿಗಳು ಬೇಡ.

ಔಷಧಕ್ಕೆ ಮೊದಲು ಒಂದು ಕೆಲಸ ಬಾಕಿ ಇದೆ. 60ಕ್ಕೇ 2.8 ಆಗಲು ಬೇರೆ ಕಾರಣ ಇರಬಹುದು: ಥೈರಾಯ್ಡ್ ಮಾತ್ರೆಯ ಪ್ರಮಾಣ ಹೆಚ್ಚಾಗಿರುವುದು, ಪ್ಯಾರಾಥೈರಾಯ್ಡ್ ಗ್ರಂಥಿಯ ತೊಂದರೆ, ಗೋಧಿಯ ಅಂಶ ಕರುಳಿಗೆ ಒಗ್ಗದ ಸೀಲಿಯಾಕ್ ಕಾಯಿಲೆ, ಅಪರೂಪಕ್ಕೆ ಮೈಲೋಮ ಎಂಬ ರಕ್ತದ ಕ್ಯಾನ್ಸರ್. ಇವುಗಳಿಗೆ ರಕ್ತ ಪರೀಕ್ಷೆಗಳಿವೆ. ಅವನ್ನು ಮಾಡಿಸಿ, ವರದಿಗಳೊಂದಿಗೆ ವೈದ್ಯರ ಬಳಿ ಹೋಗಿ. ಔಷಧ ಬೇಕೇ ಬೇಡವೇ ಎಂಬ ಮಾತು ಆಮೇಲೆ.