‘ಕನ್ಯೆ’ಯೋ, ‘ಯುವತಿ’ಯೋ?

ಪ್ರಶ್ನೆ: ನಮ್ಮ ಕನ್ನಡ ಬೈಬಲ್‌ನಲ್ಲಿ ಯೆಶಾಯ 7:14 ‘ಕನ್ಯೆಯು ಗರ್ಭಿಣಿಯಾಗಿ’ ಎನ್ನುತ್ತದೆ. ಒಂದು ಇಂಗ್ಲಿಷ್ ಅನುವಾದದಲ್ಲಿ ‘ಯುವತಿ’ ಎಂದಿದೆ. ಅಡಿಕೆ ಸುಲಿಯುವಾಗ ಮಾತಿಗೆ ಮಾತು ಬೆಳೆದು, ಕ್ರೈಸ್ತರು ಮೂಲವನ್ನೇ ತಿದ್ದಿದರು ಎಂದು ಒಬ್ಬರು ಹಟ ಹಿಡಿದರು. ಹೌದೇ?
– ಓದುಗರು, ತೀರ್ಥಹಳ್ಳಿ

ಉತ್ತರ: ಮೂಲವನ್ನು ಯಾರೂ ತಿದ್ದಿಲ್ಲ. ಹೀಬ್ರೂ ಪ್ರತಿಗಳಲ್ಲಿ ಇರುವುದು ‘ಅಲ್ಮಾ’, ಅಂದರೆ ಪ್ರಾಯದ ಹುಡುಗಿ. ಮೃತ ಸಮುದ್ರದ ಬಳಿಯ ಕುಮ್ರಾನ್ ಗುಹೆಯಲ್ಲಿ ಸಿಕ್ಕ ಯೆಶಾಯನ ಪುರಾತನ ಸುರುಳಿಯಲ್ಲೂ ಅದೇ. ಕ್ರಿಸ್ತನಿಗೂ ಮೊದಲು ಯೆಹೂದ್ಯರೇ ಮಾಡಿಕೊಂಡ ಗ್ರೀಕ್ ಅನುವಾದ ಅದನ್ನು ‘ಪಾರ್ಥೆನೋಸ್’ (ಸಾಮಾನ್ಯವಾಗಿ ‘ಕನ್ಯೆ’) ಎಂದಿತು. ಯೇಸುವಿನ ಜನನದ ಬಗ್ಗೆ ಹೇಳುವಾಗ ಮತ್ತಾಯ 1:23 ಎತ್ತಿಕೊಂಡದ್ದು ಈ ಗ್ರೀಕ್ ಪದವನ್ನು. ಅದೂ ಅಷ್ಟೇನೂ ಬಿಗಿಯಾದ ಪದವಲ್ಲ: ಅದೇ ಗ್ರೀಕ್ ಅನುವಾದದ ಆದಿಕಾಂಡ 34:3ರಲ್ಲಿ ಬಲಾತ್ಕಾರವಾದ ಮೇಲೂ ದೀನಳಿಗೆ ಅದೇ ಪದ ಬಳಸಿದ್ದಾರೆ. ‘ಎಲ್ಲಾದರೂ ಕನ್ಯೆ ಇದ್ದರೆ ಹೇಳಿ’ ಎಂದು ನಮ್ಮ ಕಡೆ ಕೇಳುವವರಿಗೂ ಬೇಕಾದ್ದು ಮದುವೆಗೆ ಬಂದ ಹುಡುಗಿ, ಅಷ್ಟೇ. ಹಾಗೆಂದು ‘ಅಲ್ಮಾ’ ಕನ್ಯೆ ಆಗಿರಲಾರಳು ಎನ್ನುವುದೂ ಅತಿಯಾಯಿತು. ಆದಿಕಾಂಡ 24ರಲ್ಲಿ ರೆಬೆಕ್ಕಳು 16ನೇ ವಚನದಲ್ಲಿ ‘ಬೆತುಲಾ’ (ಕನ್ಯೆ), 43ರಲ್ಲಿ ‘ಅಲ್ಮಾ’.

ಪದದ ಜಗಳ ಬಿಟ್ಟು ಯೆಶಾಯ 7ನ್ನು 1ರಿಂದ 16ರವರೆಗೆ ಒಂದೇ ಸಲಕ್ಕೆ ಓದಿ. ನಿಜವಾದ ಗಂಟು ಅಲ್ಲಿದೆ. ಅಗಸರ ಹೊಲದ ದಾರಿ, ಮೇಲಿನ ಕೆರೆಯ ಕಾಲುವೆಯ ಕೊನೆ. ಅಲ್ಲಿ ಪ್ರವಾದಿ ಯೆಶಾಯನು ಯೆಹೂದದ ರಾಜ ಆಹಾಜನನ್ನು ಎದುರುಗೊಳ್ಳುತ್ತಾನೆ. ದಮಸ್ಕದ ರೆಚೀನ, ಇಸ್ರಾಯೇಲಿನ ಪೆಕಹ ಇಬ್ಬರೂ ದಂಡೆತ್ತಿ ಬಂದಿದ್ದಾರೆ. ಆಹಾಜನಿಗೆ ಗುರುತಾಗಿ ಹುಟ್ಟುವ ಮಗುವಿಗೆ ಕೆಟ್ಟದ್ದು ಒಳ್ಳೆಯದು ತಿಳಿಯುವಷ್ಟರಲ್ಲಿ ಆ ಇಬ್ಬರ ನಾಡೂ ಹಾಳಾಗುತ್ತದೆ ಎನ್ನುವುದೇ 16ನೇ ವಚನ. ಕ್ರಿ.ಪೂ. 732ರಲ್ಲಿ ಅಶ್ಶೂರ್ಯರು ದಮಸ್ಕವನ್ನು ಹಿಡಿದರು. ಏಳು ಶತಮಾನ ಕಳೆದು ಹುಟ್ಟುವ ಮಗು ಆಹಾಜನಿಗೆ ಯಾವ ಗುರುತು ಎಂಬ ಯೆಹೂದ್ಯರ ಪ್ರಶ್ನೆಗೆ ತೂಕವಿದೆ.

ಅಂದಿಗೊಂದು ಅರ್ಥ, ಮುಂದಕ್ಕೊಂದು ಅರ್ಥ ಎಂದು ಅನೇಕ ಕ್ರೈಸ್ತ ವಿದ್ವಾಂಸರು ಉತ್ತರಿಸುತ್ತಾರೆ. ಮತ್ತಾಯನ ‘ನೆರವೇರಿತು’ ಅನ್ನುವ ಮಾತಿಗೆ ಭವಿಷ್ಯ ನಿಜವಾಯಿತು ಎಂದಷ್ಟೇ ಅರ್ಥ ಹಚ್ಚಿದರೆ 2:15ರಲ್ಲಿ ಎಡವುತ್ತೀರಿ. ಅಲ್ಲಿ ಉದ್ಧರಿಸಿದ ಹೋಶೇಯ 11:1 ಭವಿಷ್ಯವೇ ಅಲ್ಲ. ಇಸ್ರಾಯೇಲ್ಯರು ಐಗುಪ್ತ ಬಿಟ್ಟು ಬಂದ ಹಳೆಯ ಸಂಗತಿ. ಆ ಕಥೆಯೇ ಯೇಸುವಿನಲ್ಲಿ ಮರುಕಳಿಸಿತು ಎನ್ನುವುದು ಮತ್ತಾಯನ ಓದು. ಅದನ್ನು ಒಪ್ಪುವುದು ನಂಬಿಕೆಗೆ ಬಿಟ್ಟದ್ದು, ವ್ಯಾಕರಣದಿಂದ ತೀರ್ಮಾನವಾಗದು.

ಕ್ರೈಸ್ತರು ಯೇಸುವಿಗೆ ಅನ್ವಯಿಸುವ ಇನ್ನೊಂದು ವಚನವಾದ ಕೀರ್ತನೆ 22:16ರಲ್ಲಿ ಮಾತ್ರ ಪಾಠಭೇದವೇ ಇದೆ, ಅಂದರೆ ಪ್ರತಿಗಳಲ್ಲೇ ಪದ ಬೇರೆ ಬೇರೆ. ಹೀಬ್ರೂವಿನ ‘ಯೋದ್’ ಅಕ್ಷರದ ಗೀಟು ಕೆಳಗಿಳಿದರೆ ‘ವಾವ್’. ಮೊದಲನೆಯದಾದರೆ ‘ಸಿಂಹದಂತೆ’, ಎರಡನೆಯದನ್ನು (ಕೈಕಾಲುಗಳನ್ನು) ‘ತಿವಿದರು’ ಎಂದು ಓದುತ್ತಾರೆ. ಯೆಹೂದ್ಯರ ಮುದ್ರಣದಲ್ಲಿ ಇದನ್ನು 22:17ರಲ್ಲಿ ಹುಡುಕಿ; ಅವರು ಕೀರ್ತನೆಯ ತಲೆಬರಹವನ್ನೂ ಒಂದು ವಚನವಾಗಿ ಎಣಿಸುತ್ತಾರೆ.