ಅಡಿಕೆ ಖರೀದಿ ಅಂಗಡಿಯ ಸಾಲು ಕರಗಿಸುವುದು ಹೇಗೆ?

ಪ್ರಶ್ನೆ: ಕಾಸರಗೋಡು ಜಿಲ್ಲೆಯ ಬದಿಯಡ್ಕದಲ್ಲಿ ನಮ್ಮದು ಅಡಿಕೆ ಖರೀದಿ ಅಂಗಡಿ. ಕೃಷಿಕರು ಗಂಟೆಗಟ್ಟಲೆ ಕಾಯುತ್ತಾರೆ. ತೂಕಕ್ಕೆ ಇನ್ನೊಬ್ಬರನ್ನು ಇಟ್ಟರೆ ಆದೀತೇ?

ಉತ್ತರ: ಮೊದಲು ಅಳೆದು ನೋಡಿ, ಜನ ಆಮೇಲೆ. ಒಂದು ವಾರ ಪ್ರತಿ ಲಾಟಿಗೂ (ಒಬ್ಬ ಕೃಷಿಕರು ಒಮ್ಮೆಗೆ ತಂದ ಅಡಿಕೆಗೆ) ಒಂದು ಚೀಟಿ ಕೊಟ್ಟು ನಾಲ್ಕು ಸಮಯ ಬರೆಸಿ: ಬಂದದ್ದು, ಅಡಿಕೆ ನೋಡಲು ಶುರು ಮಾಡಿದ್ದು, ತೂಕ, ಹಣ ಪಾವತಿ. ಸಾಲು ಕಾಣುವುದು ತಕ್ಕಡಿಯ ಎದುರು. ಆದರೆ ತಡೆ ಹೆಚ್ಚಾಗಿ ಇರುವುದು ಗುಣಮಟ್ಟ ನೋಡುವಲ್ಲಿ. ಒಬ್ಬರೇ ನೋಡುವವರು, ಲಾಟಿಗೆ 12 ನಿಮಿಷ ಎಂದಾದರೆ ಗಂಟೆಗೆ ಐದೇ ಲಾಟು. ತಕ್ಕಡಿ ಎರಡಿದ್ದರೂ ಅಷ್ಟೇ.

ಸಮಯ ಕದಿಯುವ ಇನ್ನೊಂದು, ಮರುಕೆಲಸ. ಚಾಲಿ, ಪಟೋರ, ಕರಿಗೋಟು ಎಂದು ಅಡಿಕೆಯ ದರ್ಜೆಯನ್ನು ಬಾಯಲ್ಲಿ ಹೇಳಿದ್ದನ್ನು ಬಿಲ್ಲು ಬರೆಯುವವರು ತಪ್ಪಾಗಿ ಕೇಳಿಸಿಕೊಂಡರೆ ಚೀಲ ಮತ್ತೆ ತಕ್ಕಡಿಗೆ. ಅದಕ್ಕೆ ನೋಡಿದವರೇ ಅದೇ ಚೀಟಿಯಲ್ಲಿ ದರ್ಜೆ ಬರೆಯಲಿ, ತೂಕವೂ ಅಲ್ಲೇ ಬೀಳಲಿ, ಬಿಲ್ಲು ಚೀಟಿ ನೋಡಿಯೇ ಆಗಲಿ. ದಿನದ ದರ ಬಾಗಿಲು ತೆರೆಯುವ ಮೊದಲೇ ಬೋರ್ಡಿನಲ್ಲಿರಲಿ. ಪ್ರತಿ ಲಾಟಿಗೂ ಯಜಮಾನರಿಗೆ ಫೋನು ಮಾಡುವುದು ನಿಲ್ಲುತ್ತದೆ.

ಎಲ್ಲವನ್ನೂ ಒಟ್ಟಿಗೆ ಬದಲಿಸಬೇಡಿ, ಯಾವುದರಿಂದ ಲಾಭವಾಯಿತೆಂದೇ ತಿಳಿಯದು. ಚೀಟಿ ಎರಡು ವಾರ ನಡೆಯಲಿ, ಮತ್ತೆ ಅಳೆಯಿರಿ. ಕ್ರಮವನ್ನು ಅರ್ಧ ಪುಟದಲ್ಲಿ, ಕನ್ನಡ ಮತ್ತು ಮಲಯಾಳ ಎರಡರಲ್ಲೂ, ತಕ್ಕಡಿಯ ಪಕ್ಕ ಅಂಟಿಸಿ. ಆಗಲೂ ತಡೆ ಉಳಿದರೆ ಜನ ಬೇಕಾದದ್ದು ಅಡಿಕೆ ನೋಡಲು, ತೂಕಕ್ಕಲ್ಲ.