ರಾಗಿ ಡಬ್ಬಿಯ ಐನೂರು ರೂಪಾಯಿ

ಪತ್ರ (ಸಂಕ್ಷಿಪ್ತವಾಗಿ): ನಮ್ಮದು ಚನ್ನರಾಯಪಟ್ಟಣದ ಹತ್ತಿರ ಒಂದು ಹಳ್ಳಿ. ಯಜಮಾನರಿಗೆ ತೆಂಗಿನಕಾಯಿ ವ್ಯಾಪಾರ. ನಾನು ಎರಡು ಹಸು ಸಾಕಿಕೊಂಡು ಡೈರಿಗೆ ಹಾಲು ಹಾಕುತ್ತೇನೆ. ಬಟವಾಡೆ ದುಡ್ಡಿನಲ್ಲಿ ಸ್ವಲ್ಪವನ್ನು ಯಜಮಾನರಿಗೆ ಹೇಳದೆ ರಾಗಿ ಡಬ್ಬಿಯಲ್ಲಿ ಇಟ್ಟಿರುತ್ತೇನೆ. ಅದರಲ್ಲಿ ಮೊದಲು 100, ಆಮೇಲೆ 200, ಕೊನೆಗೆ 500 ರೂಪಾಯಿ ಕಾಣೆಯಾಯಿತು. ಕೊಟ್ಟಿಗೆ ಕೆಲಸಕ್ಕೆ ಬರುತ್ತಿದ್ದ ಹೆಂಗಸಿನ ಮೇಲೆ ಅನುಮಾನ ಬಂದು ಕೇಳಿಬಿಟ್ಟೆ. ಅಳುತ್ತಾ ಹೋದವಳು ಮತ್ತೆ ಬರಲಿಲ್ಲ. ಮೂರು ವಾರ ಆದ ಮೇಲೆ ಸ್ಕೂಲ್ ವ್ಯಾನಿನ ಡ್ರೈವರ್ 'ನಿಮ್ಮ ಹುಡುಗ ಎಲ್ಲರಿಗೂ ಗೋಬಿ ಮಂಚೂರಿ ಕೊಡಿಸ್ತಾನಲ್ಲ, ಏನಕ್ಕಾ ವಿಶೇಷ?' ಅಂದಾಗ ವಿಷಯ ಗೊತ್ತಾಯಿತು. ಮಗನಿಗೆ 11 ವರ್ಷ, ಈ ವರ್ಷ ಊರಿನ ಕನ್ನಡ ಶಾಲೆ ಬಿಡಿಸಿ ಟೌನಿನ ಇಂಗ್ಲಿಷ್ ಮೀಡಿಯಂಗೆ ಆರನೇ ಕ್ಲಾಸಿಗೆ ಸೇರಿಸಿದ್ದೇವೆ. ಯಜಮಾನರು ಬೆಲ್ಟಿನಲ್ಲಿ ಹೊಡೆದರು. ನನ್ನ ತಮ್ಮ ಹಾಸ್ಟೆಲಿಗೆ ಹಾಕಿ ಅನ್ನುತ್ತಾನೆ. ಅತ್ತೆ ಧರ್ಮಸ್ಥಳಕ್ಕೆ ಕರೆದುಕೊಂಡು ಹೋಗಿ ಆಣೆ ಮಾಡಿಸೋಣ ಅನ್ನುತ್ತಾರೆ. ಇನ್ನು ಇವನನ್ನು ನಂಬುವುದು ಹೇಗೆ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ ತಾಯಿ. ಮಗನ ಬಗ್ಗೆ ಮೂರು ಪುಟ ಬರೆದಿದ್ದೀರಿ, ಕೊಟ್ಟಿಗೆ ಕೆಲಸದವರ ಬಗ್ಗೆ ಎರಡೇ ಸಾಲು. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಬೆಲ್ಟಿನ ವಿಷಯ. ಅದು ಇನ್ನು ಮುಂದೆ ಪ್ಯಾಂಟಿಗೆ ಮಾತ್ರ ಇರಲಿ ಅಂತ ಯಜಮಾನರಿಗೆ ಹೇಳಿ. ನಾನು ಹೇಳಿದೆ ಅಂತಲೇ ಹೇಳಿ, ಬೈದರೆ ನನ್ನನ್ನು ಬೈದುಕೊಳ್ಳಲಿ. ಏಟು ತಿಂದ ಹುಡುಗ ಕಲಿಯುವುದು ಒಂದೇ, ಮುಂದಿನ ಸಲ ಸಿಕ್ಕಿಬೀಳಬಾರದು ಅಂತ. ನಿಮ್ಮ ತಮ್ಮನ ಹಾಸ್ಟೆಲ್ ಐಡಿಯಾ ಕೂಡ ಬೇಡ. ಗೆಳೆಯರಿಲ್ಲದೆ ಒದ್ದಾಡುತ್ತಿರುವ ಹುಡುಗನನ್ನು ಇನ್ನಷ್ಟು ಗುರುತಿಲ್ಲದವರ ಮಧ್ಯೆ ಬಿಟ್ಟರೆ, ಇವತ್ತು ಅಮ್ಮನ ಡಬ್ಬಿಗೆ ಹೋದ ಕೈ ನಾಳೆ ಪಕ್ಕದ ಹುಡುಗನ ಟ್ರಂಕಿಗೆ ಹೋಗಬಹುದು. ಅಲ್ಲಿ ಅವನಿಗೆ 'ಕಳ್ಳ' ಅಂತ ಹೆಸರು ಬಿದ್ದರೆ ಅದನ್ನು ಅಳಿಸುವವರು ಯಾರೂ ಇರುವುದಿಲ್ಲ.

ಧರ್ಮಸ್ಥಳಕ್ಕೆ ಧಾರಾಳವಾಗಿ ಹೋಗಿ ಬನ್ನಿ. ದರ್ಶನ ಮಾಡಿ, ಊಟ ಮಾಡಿ, ಮಗನನ್ನು ನೇತ್ರಾವತಿಯಲ್ಲಿ ಸ್ನಾನ ಮಾಡಿಸಿಕೊಂಡು ಬನ್ನಿ. ಆಣೆ ಮಾತ್ರ ಬೇಡ. ದೊಡ್ಡವರೇ ಆಣೆ ಮಾಡಿ ಉಳಿಸಿಕೊಳ್ಳುವುದು ಕಷ್ಟ, ಇವನಿಗೆ ಇನ್ನೂ 11. ನಾಳೆ ಹತ್ತು ರೂಪಾಯಿಗೆ ಕೈ ಹಾಕಿದ ಅಂತಿಟ್ಟುಕೊಳ್ಳಿ, ಆಮೇಲೆ ಜ್ವರ ಬಂದರೂ ಹಸು ಕಾಯಿಲೆ ಬಿದ್ದರೂ ತನ್ನಿಂದಲೇ ಅಂತ ಒಳಗೊಳಗೇ ನಡುಗುತ್ತಾನೆ, ನಿಮ್ಮ ಹತ್ತಿರ ಬಂದು ಹೇಳುವುದಕ್ಕೂ ಬಾಯಿ ಬರುವುದಿಲ್ಲ. ಅತ್ತೆಯವರಿಗೆ ಇದನ್ನು ನಯವಾಗಿ ಹೇಳಿ.

ಈಗ ದುಡ್ಡು ಹೋಗಿದ್ದೆಲ್ಲಿಗೆ ನೋಡಿ. ಅವನು ಅದನ್ನು ಒಬ್ಬನೇ ತಿನ್ನಲಿಲ್ಲ. ಬೇರೆಯವರಿಗೆ ಕೊಡಿಸಿದ. ಊರಿನ ಶಾಲೆಯಲ್ಲಿ ಅವನು ಎಲ್ಲರಿಗೂ ಗೊತ್ತಿದ್ದ ಹುಡುಗ. ಟೌನಿಗೆ ಬಂದ ಮೇಲೆ ಮಿಸ್ ಇಂಗ್ಲಿಷಿನಲ್ಲಿ ಕೇಳಿದ್ದು ಅರ್ಥವಾಗದೆ ಸುಮ್ಮನೆ ನಿಂತಿರುತ್ತಾನೆ, ಅವನ ಹಳ್ಳಿ ಮಾತಿಗೆ ಯಾರೋ ನಕ್ಕಿರುತ್ತಾರೆ. ಇದು ನನ್ನ ಊಹೆ, ಆದರೆ ಊರು ಬಿಟ್ಟು ಟೌನಿಗೆ ಹೋದ ಮಕ್ಕಳ ಕಥೆ ಎಷ್ಟೋ ಕೇಳಿದ್ದೇನೆ. ಅಂಥ ಹುಡುಗನಿಗೆ ಒಂದು ಪ್ಲೇಟ್ ಗೋಬಿ ಅಂದ್ರೆ ಅರ್ಧ ಗಂಟೆ ಪಕ್ಕದಲ್ಲಿ ನಾಲ್ಕು ಜನ. ಕದ್ದಿದ್ದು ತಪ್ಪೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಶಾಲೆಯ ಒಂಟಿತನ ಹಾಗೇ ಇದ್ದರೆ ಡಬ್ಬಿಗೆ ಬೀಗ ಹಾಕಿ ಪ್ರಯೋಜನವಿಲ್ಲ. ಕ್ಲಾಸ್ ಟೀಚರ್ ಹತ್ತಿರ ಹೋಗಿ. ಕಳ್ಳತನದ ಸುದ್ದಿ ಎತ್ತಬೇಡಿ. ಅವನು ಯಾರ ಪಕ್ಕ ಕೂರುತ್ತಾನೆ, ಪಾಠ ಎಷ್ಟು ಅರ್ಥವಾಗುತ್ತಿದೆ, ದೊಡ್ಡ ಹುಡುಗರು ಯಾರಾದರೂ ದುಡ್ಡು ತಾ ಅಂತ ಪೀಡಿಸುತ್ತಿದ್ದಾರಾ ಅಂತ ಕೇಳಿ. ಈ ಕೊನೆಯದನ್ನು ಮರೆಯಬೇಡಿ. ಒಂದು ಭಾನುವಾರ ಅವನ ಇಬ್ಬರು ಗೆಳೆಯರನ್ನು ಮನೆಗೆ ಕರೆಸಿ ರೊಟ್ಟಿ ಚಟ್ನಿ ಹಾಕಿ ಕಳಿಸಿ, ಹಸು ತೋರಿಸಲಿ. ಕೊಡಿಸದೆಯೂ ಗೆಳೆತನ ಉಳಿಯುತ್ತೆ ಅಂತ ಅವನಿಗೇ ಕಾಣಬೇಕು.

ಇನ್ನೊಂದು ಮಾತು, ನಿಮಗೆ ಬೇಜಾರಾಗಬಹುದು. ಯಜಮಾನರ ಜೇಬಿನಲ್ಲಿ, ವ್ಯಾಪಾರದ ಚೀಲದಲ್ಲಿ ಜಾಸ್ತಿ ದುಡ್ಡು ಇರುತ್ತೆ ಅಲ್ವಾ? ಅದನ್ನು ಬಿಟ್ಟು ರಾಗಿ ಡಬ್ಬಿಗೇ ಯಾಕೆ ಕೈ ಹಾಕಿದ? ಅದು ಮನೆಯಲ್ಲಿ ಲೆಕ್ಕಕ್ಕಿಲ್ಲದ ದುಡ್ಡು. ಕಳೆದರೆ ಅಮ್ಮ ಬಾಯಿ ಬಿಡುವ ಹಾಗಿಲ್ಲ ಅಂತ ಅವನಿಗೆ ಗೊತ್ತು. 100 ಹೋದಾಗ, 200 ಹೋದಾಗ ನೀವು ಸುಮ್ಮನಿದ್ದಿರಿ, ಅವನ ಲೆಕ್ಕ ಸರಿಯಾಯಿತು. ಹೆಂಗಸರು ಕಷ್ಟಕಾಲಕ್ಕೆ ಅಂತ ಡಬ್ಬಿಯಲ್ಲಿ ನಾಲ್ಕು ಕಾಸು ಇಡುವುದನ್ನು ನಾನು ತಪ್ಪು ಅನ್ನಲ್ಲ, ನನ್ನ ಅಮ್ಮನೂ ಇಡುತ್ತಿದ್ದಳು. ಈಗ ಹೇಗೂ ಯಜಮಾನರಿಗೆ ಗೊತ್ತಾಗಿದೆ. ಆ ದುಡ್ಡನ್ನು ಡೈರಿ ದುಡ್ಡು ಬರುವ ಖಾತೆಯಲ್ಲೇ ನಿಮ್ಮ ಹೆಸರಿನಲ್ಲಿ ಬಿಡಿ.

ಮಗನ ಜೊತೆ ಮಾತಾಡುವಾಗ, ಗೊತ್ತಿರುವುದನ್ನು ಗೊತ್ತಿಲ್ಲದವರ ಹಾಗೆ ಕೇಳಬೇಡಿ. 'ದುಡ್ಡು ತಗೊಂಡ್ಯಾ?' ಅಂದರೆ ಅವನು 'ಇಲ್ಲ' ಅನ್ನುತ್ತಾನೆ, ಕಳ್ಳತನದ ಮೇಲೆ ಒಂದು ಸುಳ್ಳೂ ಸೇರುತ್ತೆ. 'ನೀನು ತಗೊಂಡಿದ್ದು ನಂಗೆ ಗೊತ್ತು, ಯಾಕೆ ಬೇಕಾಯ್ತು ಹೇಳು' ಅನ್ನಿ. ಬಾಯಲ್ಲಿ ಹೇಳಲಾಗದಿದ್ದರೆ ಬರೆದು ಕೊಡಲಿ. ಗಾಂಧೀಜಿ 15ನೇ ವಯಸ್ಸಿನಲ್ಲಿ ಅಣ್ಣನ 25 ರೂಪಾಯಿ ಸಾಲ ತೀರಿಸಲು ಅವನ ಕಡಗದಿಂದಲೇ ಚೂರು ಚಿನ್ನ ಕದ್ದು, ಹಾಸಿಗೆ ಹಿಡಿದಿದ್ದ ಅಪ್ಪನಿಗೆ ಚೀಟಿ ಬರೆದು ಕೊಟ್ಟಿದ್ದು, ಅಪ್ಪ ಓದಿ ಕಣ್ಣೀರು ಹಾಕಿ ಹರಿದು ಹಾಕಿದ್ದು ಎಲ್ಲರೂ ಕೇಳಿರುವ ಕಥೆ. ಕೇಳಿ ಕೇಳಿ ಸಾಕಾಗಿರಬಹುದು. ಆದರೆ ಅದರಲ್ಲಿ ಒಂದು ಮಾತನ್ನು ನಾವು ದಾಟಿಬಿಡುತ್ತೇವೆ. ಆ ಅಪ್ಪ ಮಕ್ಕಳಿಗೆ ಹೊಡೆದ ನೆನಪೇ ತನಗಿಲ್ಲ, ತನಗಿದ್ದಿದ್ದು ಅಪ್ಪನಿಗೆ ನೋವಾಗುತ್ತಲ್ಲ ಅನ್ನುವ ಭಯ ಅಂತ ಗಾಂಧೀಜಿಯೇ ಹೇಳಿಕೊಂಡಿದ್ದಾರೆ. ಬೆಲ್ಟ್ ತೆಗೆಯುವ ಮನೆಯಲ್ಲಿ ಯಾವ ಹುಡುಗನೂ ಚೀಟಿ ಬರೆಯಲ್ಲ.

ದುಡ್ಡು ವಾಪಸ್ ಕೊಡಲೇಬೇಕು. ವಾರಕ್ಕೆ 30 ರೂಪಾಯಿ ಅವನ ಕೈಗೆ ಕೊಡಿ, ಅದರಲ್ಲಿ 10 ನಿಮಗೆ ತಿರುಗಿ ಕೊಡಲಿ, ಹದಿನೈದು ವಾರ. 150ಕ್ಕೆ ಸಾಲ ತೀರಿತು ಅನ್ನಿ. 800 ಪೂರ್ತಿ ವಸೂಲಿಗೆ ಕೂತರೆ ಒಂದೂವರೆ ವರ್ಷ ಆಗುತ್ತೆ, ಕೊನೆಯೇ ಕಾಣದ ಸಾಲಕ್ಕೆ ಅವನು ಮತ್ತೆ ಡಬ್ಬಿ ಹುಡುಕುತ್ತಾನೆ. ನಂಬಿಕೆ ಹೇಗೆ ಅಂತ ಕೇಳಿದಿರಿ. ಸದ್ಯಕ್ಕೆ ದುಡ್ಡು ಅವನ ಕಣ್ಣಿಗೆ ಬೀಳುವಂತೆ ಇಡಬೇಡಿ, ಇಟ್ಟದ್ದನ್ನು ಎಣಿಸಿಡಿ. ಪರೀಕ್ಷೆ ಮಾಡೋಣ ಅಂತ ಬೇಕಂತಲೇ ನೋಟು ಬಿಟ್ಟು ಹೋಗುವ ಆಟ ಬೇಡವೇ ಬೇಡ. ಒಂದೆರಡು ತಿಂಗಳಾದ ಮೇಲೆ ಅಂಗಡಿಗೆ ಕಳಿಸಿ, ಚಿಲ್ಲರೆ ತಂದರೆ ತಗೊಳ್ಳಿ, ಹೊಗಳುವುದೂ ಬೇಡ.

ಇದೇ ತೊಂದರೆ ಇರುವ ಟೌನಿನವರಿಗೆ ಒಂದು ಮಾತು. ಈಗ ಕಳ್ಳತನಕ್ಕೆ ಡಬ್ಬಿಯೇ ಬೇಕಿಲ್ಲ. ಫೋನಿನಲ್ಲಿ ದುಡ್ಡು ಕಳಿಸುವ ಆ್ಯಪಿನಲ್ಲಿ ಯುಪಿಐ ಲೈಟ್ ಆನ್ ಇದ್ದರೆ ಸಣ್ಣ ಮೊತ್ತಕ್ಕೆ ಪಿನ್ ಕೇಳುವುದಿಲ್ಲ. ಗೇಮ್ ಆಡುವ ಮಕ್ಕಳಿದ್ದರೆ ಗೂಗಲ್ ಪ್ಲೇ ಖರೀದಿ ಪಟ್ಟಿಯನ್ನು ಒಮ್ಮೆ ತೆಗೆದು ನೋಡಿ.

ನಿಮ್ಮ ಮಗನದ್ದು ಡಾಕ್ಟರ್ ತನಕ ಹೋಗುವ ವಿಷಯ ಅಂತ ನನಗೆ ಅನ್ನಿಸಲ್ಲ. ಕದಿಯುವುದರ ಜೊತೆ ಶಾಲೆ ತಪ್ಪಿಸುವುದು, ಮನೆ ಬಿಟ್ಟು ಹೋಗುವುದು, ಪ್ರಾಣಿಗಳಿಗೆ ಹಿಂಸೆ ಕೊಡುವುದು ಶುರುವಾದರೆ, ಅಥವಾ ಮಂಕಾಗಿ ಊಟ ಬಿಟ್ಟರೆ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, ದುಡ್ಡಿಲ್ಲ, ಹೊತ್ತಿನ ಲೆಕ್ಕವಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಈಗ ಕೊಟ್ಟಿಗೆ ಕೆಲಸದವರು. ನೀವು ಅವರನ್ನು ಕೇಳುವಾಗ ಮಗ ಎಲ್ಲಿದ್ದ? ಮನೆಯಲ್ಲೇ ಇದ್ದ ಅಂತ ಬರೆದಿದ್ದೀರಿ. ತಾನು ಮಾಡಿದ್ದಕ್ಕೆ ಇನ್ನೊಬ್ಬರು ಅಳುವುದನ್ನು ನೋಡಿ ಸುಮ್ಮನಿದ್ದ. ನನ್ನ ಪ್ರಕಾರ 500 ರೂಪಾಯಿಗಿಂತ ದೊಡ್ಡ ತಪ್ಪು ಅದೇ, ಅದರಲ್ಲಿ ನಿಮ್ಮ ಪಾಲೂ ಇದೆ. ಈ ವಾರವೇ ನೀವಿಬ್ಬರೂ ಮಗನನ್ನು ಕರೆದುಕೊಂಡು ಅವರ ಮನೆಗೆ ಹೋಗಿ. ಅವರನ್ನು ನಿಮ್ಮ ಮನೆಗೆ ಕರೆಸಬೇಡಿ. ಕ್ಷಮೆ ಮೊದಲು ನೀವು ಕೇಳಿ, ಅನುಮಾನ ಪಟ್ಟವರು ನೀವು. ಅವರ ಹತ್ತಿರ ನಿಜವನ್ನೇ ಹೇಳಿ. ಮಗ ಒಂದು ಮಾತು ಹೇಳಿದರೆ ಸಾಕು, ಕಾಲಿಗೆ ಬೀಳಿಸುವ ನಾಟಕ ಬೇಡ. ಡೈರಿ ಮುಂದೆ, ನೀರಿನ ಟ್ಯಾಂಕ್ ಹತ್ತಿರ ಆ ಸುದ್ದಿ ಓಡಾಡಿರುತ್ತೆ. ಅಲ್ಲೆಲ್ಲ 'ದುಡ್ಡು ನಮ್ಮ ಮನೆಯವರ ಕೈಲೇ ಇತ್ತು, ಸುಮ್ನೆ ಅವರ ಮೇಲೆ ಹಾಕಿದೆ, ತಪ್ಪು ನನ್ನದು' ಅಂತ ನೀವೇ ಹೇಳಿ. ಮಗನ ಹೆಸರು ಬೀದಿಗೆ ಬರುವುದಿಲ್ಲ, ಅವರ ಹೆಸರೂ ತೊಳೆದ ಹಾಗಾಗುತ್ತೆ. ಕೆಲಸ ಹೋದ ದಿನಗಳ ಕೂಲಿ ಲೆಕ್ಕ ಹಾಕಿ ತಗೊಂಡು ಹೋಗಿ. ಮತ್ತೆ ಕೆಲಸಕ್ಕೆ ಬರುವುದು ಬಿಡುವುದು ಅವರಿಷ್ಟ, ಬರಲ್ಲ ಅಂದರೆ ಒತ್ತಾಯ ಮಾಡಬೇಡಿ. ಅಲ್ಲಿಯ ತನಕ ಬೆಳಿಗ್ಗೆ ಸಗಣಿ ಬಾಚುವುದಕ್ಕೆ ಅಪ್ಪ ಮಗ ಇಬ್ಬರೂ ಏಳಲಿ.